ಬೇಲಿಯೇ ಎದ್ದು ಹೊಲ ಮೇಯ್ದರೆ



ಕಾಯಬೇಕಾದವನೇ ಕಳ್ಳನಾದರೆ ದೂರು ಯಾರಿಗೆ ಹೇಳುವುದು? ಲಂಚವೆಂದರೆ ಕೈಬಿಟ್ಟುಹೋದ ನಾಲ್ಕು ಕಾಸು ಎಂದು ಅನೇಕರು ತಿಳಿದಿದ್ದಾರೆ. ಹೋದ ಹಣವನ್ನು ಮತ್ತೆ ದುಡಿಯಬಹುದು. ಆದರೆ ನ್ಯಾಯವಾಗಿ ಸಲ್ಲಬೇಕಾದುದನ್ನು ಭಿಕ್ಷೆಯಂತೆ ಬೇಡುವ ಗತಿ ಬಂದರೆ ಮನುಷ್ಯನ ಮಾನವೇ ಹೋಗುತ್ತದೆ. ಮಾನ ಕಳೆದುಕೊಂಡ ಜನರಿಂದ ನಾಡಿನ ಏಳಿಗೆ ಹೇಗಾದೀತು?

ಪಹಣಿಯ ಸಂಗತಿಯನ್ನೇ ನೋಡಿರಿ. ಬ್ಯಾಂಕಿನ ಸಾಲಕ್ಕೂ ನ್ಯಾಯಾಲಯದ ವ್ಯಾಜ್ಯಕ್ಕೂ ರೈತನಿಗೆ ಪಹಣಿ ಬೇಕು. ಹಿಂದೆ ಅದು ಕೈಬರಹದ ಪುಸ್ತಕದಲ್ಲಿ ಗ್ರಾಮಲೆಕ್ಕಿಗರ ವಶದಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕೈ ಬಿಸಿ ಮಾಡದೆ ಕಾಗದ ಹೊರಬರುವುದು ಕಷ್ಟವಾಗಿತ್ತು. ಉಳ್ಳವನು ಕೊಟ್ಟು ಕೆಲಸ ಮಾಡಿಸಿಕೊಂಡ. ಇಲ್ಲದವನು ಅಲೆದು ಅಲೆದು, ಬಿತ್ತನೆಯ ಕಾಲಕ್ಕೆ ಬಡ್ಡಿಯವನ ಬಾಗಿಲಿಗೆ ಹೋದ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಶುಲ್ಕ ಕಟ್ಟಿದವನಿಗೆ ಪಹಣಿ ಕೈಗೆ ಬಂದಿತು. ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದರೆ ಬಡವನಿಗೆ ಎಷ್ಟು ಬಲ ಬರುತ್ತದೆಂಬುದಕ್ಕೆ ಇದು ಸಾಕ್ಷಿ.

ಸಣ್ಣ ಲಂಚಕ್ಕೆ ಕಣ್ಣು ಮುಚ್ಚಿದ ಸಮಾಜ ದೊಡ್ಡ ಲೂಟಿಯನ್ನೂ ನೋಡುತ್ತ ಕೂರಬೇಕಾಗುತ್ತದೆ. ಬಳ್ಳಾರಿಯ ಕಬ್ಬಿಣದ ಅದಿರು ಪರವಾನಗಿ ಇಲ್ಲದೆ, ಮಿತಿಮೀರಿದ ಭಾರ ಹೊತ್ತ ಲಾರಿಗಳಲ್ಲಿ ಬಂದರುಗಳತ್ತ ಸಾಗಿತು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾಯಿತು! ಈ ಅಕ್ರಮಗಳಿಂದ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟವಾಯಿತೆಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ವರದಿಯಲ್ಲಿ ತಿಳಿಸಿದರು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾಭ ಉಂಡವರು ಕೆಲವರು. ಕೆಂಧೂಳು ಮುತ್ತಿದ ಬೆಳೆ, ಕಿತ್ತುಹೋದ ರಸ್ತೆ, ಗಣಿ ನಿಂತಾಗ ತಪ್ಪಿದ ಕೂಲಿ ಮಾತ್ರ ಬಡವರ ಪಾಲಿಗೆ ಬಂದವು. ಆ ಹಣದಲ್ಲಿ ಎಷ್ಟು ಶಾಲೆಗಳು, ಎಷ್ಟು ಕೆರೆಗಳು, ಎಷ್ಟು ಆಸ್ಪತ್ರೆಗಳು ಆಗುತ್ತಿದ್ದವೆಂದು ಯೋಚಿಸಿರಿ.

ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಪರರ ಹಣ ಕೈಯಲ್ಲಿದ್ದಾಗಲೇ ಮನುಷ್ಯನ ನಿಜವಾದ ಪರೀಕ್ಷೆ. ಕಚೇರಿಯ ಕುರ್ಚಿಯೂ ಕಾಯಕದ ಸ್ಥಾನವೇ. ಸಂಬಳ ಪಡೆದು ಮಾಡಬೇಕಾದ ಕೆಲಸಕ್ಕೆ ಮತ್ತೆ ಕೈಯೊಡ್ಡಿದರೆ ಕಾಯಕ ಕೆಡುತ್ತದೆ.

ತೆಗೆದುಕೊಳ್ಳುವವನನ್ನು ಬೈದರಷ್ಟೇ ಸಾಲದು. ಸಾಲು ತಪ್ಪಿಸಿ ಬೇಗ ಕೆಲಸವಾಗಲಿ ಎಂದು ಕೊಡುವವನು ತನ್ನ ಹಿಂದೆ ನಿಂತ ಬಡವನ ಪಾಲನ್ನು ಕಸಿಯುತ್ತಾನೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧವಾಗಿದೆ. ಆದರೆ ಬಲವಂತಕ್ಕೆ ಕೊಟ್ಟವನು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಕಾನೂನು ಅವನನ್ನು ರಕ್ಷಿಸುತ್ತದೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಕಾಯ್ದೆಯೂ 2011ರಲ್ಲಿ ಬಂದಿದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಒಬ್ಬರೇ ಹೋಗಲು ಅಳುಕಿದರೆ ಊರಿನ ನಾಲ್ಕು ಜನ ಜೊತೆಯಾಗಿ ಹೋಗಿರಿ.

ಹಿರಿಯರಲ್ಲಿ ಒಂದು ಮಾತು. ಮಗನಿಗೆ ನೌಕರಿ ಸಿಕ್ಕಿತೆಂದಾಗ ‘ಮೇಲುಸಂಪಾದನೆ ಎಷ್ಟು?’ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲೇ ಬೆಳೆದಿದೆ. ಆ ಪ್ರಶ್ನೆ ನಿಲ್ಲಲಿ. ‘ಇಂದು ಎಷ್ಟು ಜನರ ಕೆಲಸ ಮಾಡಿಕೊಟ್ಟೆ?’ ಎಂದು ಕೇಳಿರಿ. ಬೇಲಿ ಗಟ್ಟಿಯಾಗುವುದು ಮನೆಯ ಅಂಗಳದಿಂದಲೇ.