ದೂರದ ವಿಕೋಪ, ನಮ್ಮ ಬೆಲೆ, ಸರ್ಕಾರದ ಸಾಲ

ಹೊರದೇಶದ ಭೂಕಂಪ, ಬರ, ಪ್ರವಾಹಗಳು ಭಾರತದ ಹಣದುಬ್ಬರವನ್ನೂ ಸರ್ಕಾರಿ ಬಾಂಡ್‌ಗಳನ್ನೂ ಮುಖ್ಯವಾಗಿ ಎರಡು ದಾರಿಗಳಲ್ಲಿ ತಟ್ಟುತ್ತವೆ: ಒಂದು ಆಮದು ಸರಕಿನ ಬೆಲೆ, ಇನ್ನೊಂದು ವಿದೇಶಿ ಹಣದ ವಿನಿಮಯ ದರ. ಬೆಲೆಗಳು ಏರುತ್ತವೆ ಎಂಬ ಅಂದಾಜು ಬಲವಾದರೆ ಹೂಡಿಕೆದಾರರು ಹೆಚ್ಚು ಬಡ್ಡಿ ಕೇಳುತ್ತಾರೆ; ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ. ವರ್ಷಕ್ಕೆ ಶೇ 8ರ ಬಡ್ಡಿ ಕೊಡುವ, 10 ವರ್ಷ ಅವಧಿಯ 100 ರೂಪಾಯಿಯ ಬಾಂಡ್ ಇದೆ ಎನ್ನೋಣ. ಮಾರುಕಟ್ಟೆ ಬಡ್ಡಿ ಶೇ 9ಕ್ಕೆ ಏರಿದರೆ ಅದನ್ನು ಮಾರುವವರಿಗೆ ಸಿಗುವುದು ಸುಮಾರು 93 ರೂಪಾಯಿ 60 ಪೈಸೆ. ಅವಧಿ ಮುಗಿಯುವವರೆಗೆ ಇಟ್ಟುಕೊಂಡವರಿಗೆ ನೂರು ರೂಪಾಯಿ ಪೂರ್ತಿ ಬರುತ್ತದೆ. ಆದರೆ ಅಷ್ಟರಲ್ಲಿ ಆ ನೂರಕ್ಕೆ ಸಿಗುವ ಸಾಮಾನು ಕಡಿಮೆಯಾಗಿರುತ್ತದೆ.

ಎಲ್ಲ ವಿಕೋಪಗಳೂ ಬೆಲೆ ಏರಿಸುವುದಿಲ್ಲ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ ಮತ್ತು ಸುನಾಮಿ ಸಂಭವಿಸಿದಾಗ, ದೊಡ್ಡ ಗ್ರಾಹಕ ದೇಶವೊಂದರ ಬೇಡಿಕೆ ತಗ್ಗೀತೆಂಬ ಭಯಕ್ಕೆ ಕಚ್ಚಾ ತೈಲದ ಬೆಲೆ ಮೊದಲು ಇಳಿಯಿತು. ಜಪಾನೀಯರು ಹೊರಗಿನ ಹೂಡಿಕೆಯನ್ನು ಊರಿಗೆ ತರುತ್ತಾರೆಂಬ ನಿರೀಕ್ಷೆಯಲ್ಲಿ ಯೆನ್ ಬಲವಾಗಿ ಡಾಲರಿಗೆ ಸುಮಾರು 76ಕ್ಕೆ ಮುಟ್ಟಿತು. ಮಾರ್ಚ್ 18ರಂದು ಜಿ-7 ದೇಶಗಳು ಒಟ್ಟಾಗಿ ಯೆನ್ ಮಾರಿ ಅದನ್ನು ತಗ್ಗಿಸಿದವು. ಚೆನ್ನೈ ಮೆಟ್ರೊದ ಮೊದಲ ಹಂತಕ್ಕೆ ಬಂದದ್ದು ಜಪಾನಿನ ಯೆನ್ ಸಾಲ. ಯೆನ್ ಏರಿದರೆ ಇಂಥ ಸಾಲದ ರೂಪಾಯಿ ಲೆಕ್ಕವೂ ಏರುತ್ತದೆ. ಜಪಾನಿನಿಂದ ಬರಬೇಕಿದ್ದ ಬಿಡಿಭಾಗಗಳ ಕೊರತೆಯಿಂದ ಬಿಡದಿಯ ಟೊಯೊಟಾ ಕಾರ್ಖಾನೆ ಕೆಲವು ವಾರ ಉತ್ಪಾದನೆ ಕಡಿತಗೊಳಿಸಿತು. ಮಾರ್ಚ್ 17ರಂದೇ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಶೇ 6.75ಕ್ಕೆ ಏರಿಸಿತಾದರೂ ಅದಕ್ಕೆ ಕಾರಣ ಸುನಾಮಿಯಲ್ಲ, ಅದಕ್ಕೂ ಮೊದಲೇ ಬೇರೂರಿದ್ದ ದೇಶದೊಳಗಿನ ಹಣದುಬ್ಬರ.

ಬರದ ಪರಿಣಾಮ ನಿಧಾನವಾದರೂ ಅಡುಗೆಮನೆಗೆ ನೇರವಾಗಿ ಬರುತ್ತದೆ. ಭಾರತ ತನಗೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ತಾಳೆ ಎಣ್ಣೆ ಬರುವುದು ಮುಖ್ಯವಾಗಿ ಇಂಡೊನೇಷ್ಯಾ, ಮಲೇಷ್ಯಾಗಳಿಂದ. 2015ರ ಎಲ್ ನಿನೊ ಬರದ ಪೆಟ್ಟು ಮಲೇಷ್ಯಾದ ತಾಳೆ ತೋಟಗಳಲ್ಲಿ ಕಾಣಿಸಿದ್ದು 2016ರ ಇಳುವರಿಯಲ್ಲಿ. ತಮಿಳುನಾಡಿನ ಪಡಿತರ ಅಂಗಡಿಗಳಲ್ಲಿ ಪಾಮೊಲಿನ್ (ತಾಳೆ ಎಣ್ಣೆ) ಲೀಟರಿಗೆ 25 ರೂಪಾಯಿಯಂತೆ ಮಾರಾಟವಾಗುತ್ತದೆ. ಆಮದು ಬೆಲೆ ಏರಿದರೂ ಚೆನ್ನೈನ ಕಾರ್ಡುದಾರರು ಅಷ್ಟೇ ಕೊಡುತ್ತಾರೆ. ವ್ಯತ್ಯಾಸ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತದೆ. ಸಬ್ಸಿಡಿ ಉಬ್ಬಿ, ವರಮಾನ ಸಾಲದಾದರೆ ಸರ್ಕಾರ ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನಲ್ಲಿ ಹೆಚ್ಚು ಬಾಂಡ್ ಮಾರಬೇಕಾಗುತ್ತದೆ. ಅಂಗಡಿಯಲ್ಲಿ ಕಾಣದ ಬೆಲೆ ಏರಿಕೆ ಹೀಗೆ ಸರ್ಕಾರದ ಸಾಲವಾಗಿ ಕಾಣಿಸಿಕೊಳ್ಳುತ್ತದೆ.

2016ರಿಂದ ರಿಸರ್ವ್ ಬ್ಯಾಂಕಿನ ಹಣದುಬ್ಬರ ಗುರಿ ಶೇ 4. ಅದರಿಂದ 2 ಶೇಕಡಾವಾರು ಅಂಶದಷ್ಟು ಮೇಲೆ ಕೆಳಗೆ ಆಗಲು ಅವಕಾಶವಿದೆ. ಒಂದೆರಡು ತಿಂಗಳ ಪೂರೈಕೆ ಕೊರತೆಗೆ ಬಡ್ಡಿ ಏರಿಸಿದರೆ ತಾಳೆ ಹಣ್ಣು ಹೆಚ್ಚಾಗುವುದಿಲ್ಲ. ಕೊರತೆ ಉಳಿದು, ಇತರ ಸರಕುಗಳಿಗೂ ಕೂಲಿಗೂ ಹಬ್ಬಿದಾಗ ಮಾತ್ರ ಬಡ್ಡಿಯ ಅಸ್ತ್ರ ಬೇಕಾಗುತ್ತದೆ. ಆದ್ದರಿಂದ ಬಾಂಡ್ ಅಥವಾ ಸಾಲನಿಧಿಗಳಲ್ಲಿ ಹಣವಿಟ್ಟವರು ಗಮನಿಸಬೇಕಾದ್ದು ವಿಕೋಪದ ತೀವ್ರತೆಯನ್ನಲ್ಲ, ಅದರಿಂದ ಯಾವ ಸರಕಿನ ಪೂರೈಕೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು.