ಮನೆಯ ಈಜುಕೊಳ: ನಿರ್ವಹಣೆ ಹಾಗೂ ಬಳಕೆಯಿಲ್ಲದ ತಿಂಗಳುಗಳಲ್ಲಿ ವಹಿಸಬೇಕಾದ ಎಚ್ಚರಿಕೆ

ಬೆಂಗಳೂರು ನಗರ ಹಾಗೂ ಹೊರವಲಯದ ಬಡಾವಣೆಗಳಲ್ಲಿ ಮನೆಯ ಆವರಣದಲ್ಲಿಯೇ ಈಜುಕೊಳ ಹೊಂದಿರುವ ಕುಟುಂಬಗಳಿವೆ. ಇಂತಹ ಕೊಳಗಳು ಹೆಚ್ಚಾಗಿ ಬೇಸಿಗೆಯಲ್ಲಿ ಬಳಕೆಯಾಗುತ್ತವೆ. ಮುಂಗಾರು ಆರಂಭವಾದ ನಂತರ ಚಳಿಗಾಲ ಕಳೆಯುವವರೆಗೆ ಅವುಗಳ ಬಳಕೆ ಕಡಿಮೆ. ಈ ತಿಂಗಳುಗಳಲ್ಲಿ ನೀರನ್ನು ಪೂರ್ತಿಯಾಗಿ ಹೊರಬಿಟ್ಟು, ಬೇಸಿಗೆಯಲ್ಲಿ ಹೊಸದಾಗಿ ತುಂಬಿಸುವ ರೂಢಿಯನ್ನು ಕೆಲವರು ಅನುಸರಿಸುತ್ತಾರೆ. ಈ ರೂಢಿಯಿಂದ ನೀರು ವ್ಯರ್ಥವಾಗುವುದಲ್ಲದೆ ಕೊಳದ ಕಟ್ಟಡಕ್ಕೂ ಹಾನಿಯಾಗುವ ಸಂಭವವಿರುವುದರಿಂದ, ಮಾಲೀಕರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಕೊಳವನ್ನು ಖಾಲಿ ಮಾಡಬಾರದೇಕೆ

8 ಮೀಟರ್ ಉದ್ದ, 4 ಮೀಟರ್ ಅಗಲ ಹಾಗೂ ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರು ಇರುತ್ತದೆ. ನಗರ ನೀರು ಪೂರೈಕೆಯಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಅದರಂತೆ ಲೆಕ್ಕ ಹಾಕಿದಲ್ಲಿ, ಒಮ್ಮೆ ಹೊರಬಿಡುವ ನೀರು ನಾಲ್ಕು ಜನರ ಕುಟುಂಬವೊಂದಕ್ಕೆ ಸುಮಾರು 89 ದಿನಗಳ ಬಳಕೆಗೆ ಸಾಕಾಗುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತ್ತು. ಮಳೆಗಾಲದಲ್ಲಿ ನೀರನ್ನು ಹೊರಬಿಟ್ಟ ಮಾಲೀಕರು ಬೇಸಿಗೆಯಲ್ಲಿ ಇಂತಹ ಆದೇಶ ಹೊರಬಿದ್ದರೆ ಖಾಲಿ ಕೊಳದೊಂದಿಗೆ ಉಳಿಯಬೇಕಾಗುತ್ತದೆ. ಹೊಸದಾಗಿ ತುಂಬಿಸುವ ಮೊದಲು ಆಯಾ ವರ್ಷ ಜಾರಿಯಲ್ಲಿರುವ ಆದೇಶವನ್ನು ವಿಚಾರಿಸಿಕೊಳ್ಳತಕ್ಕದ್ದು.

ಎರಡನೆಯ ಕಾರಣ ಕಟ್ಟಡಕ್ಕೆ ಸಂಬಂಧಿಸಿದ್ದು. ಮಳೆಗಾಲದಲ್ಲಿ ಕೊಳದ ಸುತ್ತಲಿನ ಮಣ್ಣು ನೀರು ಕುಡಿದು, ತಳಭಾಗವನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ತುಂಬಿದ ಕೊಳದ ಭಾರವು ಈ ಒತ್ತಡವನ್ನು ತಡೆಯುತ್ತದೆ. ಖಾಲಿ ಕೊಳಕ್ಕೆ ಆ ಭಾರವಿಲ್ಲದ ಕಾರಣ ತಳ ಬಿರುಕು ಬಿಡುವುದು, ಕೆಲವೊಮ್ಮೆ ಕೊಳವೇ ಮೇಲೇಳುವುದು ಸಾಧ್ಯ. ದುರಸ್ತಿಗಾಗಿ ಖಾಲಿ ಮಾಡುವುದು ಅನಿವಾರ್ಯವಾದಲ್ಲಿ, ನೆಲ ಒಣಗಿರುವ ತಿಂಗಳುಗಳಲ್ಲಿ, ಎಂಜಿನಿಯರರ ಸಲಹೆ ಪಡೆದು ಮಾಡುವುದು ಸೂಕ್ತ.

ಆಮದು ಮಾಡಿದ ಪಂಪು, ಫಿಲ್ಟರುಗಳ ಕೈಪಿಡಿಗಳಲ್ಲಿ ಚಳಿಗಾಲಕ್ಕೆ ಮುನ್ನ ನೀರಿನ ಮಟ್ಟವನ್ನು ಇಳಿಸಿ, ಕೊಳವೆಗಳೊಳಗಿನ ನೀರನ್ನು ಗಾಳಿಯ ಒತ್ತಡದಿಂದ ಹೊರಹಾಕಬೇಕೆಂದು ಬರೆದಿರುವುದುಂಟು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗಿ ಕೊಳವೆಗಳು ಒಡೆಯುವುದರಿಂದ ಹಿಮ ಬೀಳುವ ದೇಶಗಳಲ್ಲಿ ಈ ಕ್ರಮ ಅಗತ್ಯ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಆದ್ದರಿಂದ ಈ ಸೂಚನೆಯನ್ನು ಇಲ್ಲಿ ಪಾಲಿಸುವ ಅವಶ್ಯಕತೆ ಇರುವುದಿಲ್ಲ.

ನೀರಿನ ಗುಣಮಟ್ಟ

ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿ.ಹೆಚ್. ಮೌಲ್ಯ 7.2ರಿಂದ 7.8ರ ನಡುವೆ ಇರಬೇಕು. ಇವೆರಡನ್ನೂ ಪರೀಕ್ಷಿಸುವ ಸಣ್ಣ ಕಿಟ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅನೇಕರು ಕ್ಲೋರಿನ್ನನ್ನು ಮಾತ್ರ ನೋಡಿ ಪಿ.ಹೆಚ್. ಅನ್ನು ನಿರ್ಲಕ್ಷಿಸುತ್ತಾರೆ. ಪಿ.ಹೆಚ್. 7.2 ಇದ್ದಾಗ ಹಾಕಿದ ಕ್ಲೋರಿನ್‌ನ ಸುಮಾರು ಮೂರನೇ ಎರಡು ಭಾಗ ಕ್ರಿಮಿನಾಶಕ ರೂಪದಲ್ಲಿರುತ್ತದೆ. ಅದೇ 8ಕ್ಕೆ ಏರಿದರೆ ಕಾಲು ಭಾಗ ಮಾತ್ರ. ಅಂದರೆ ಮಾಡಿದ ವೆಚ್ಚದ ಬಹುಪಾಲು ಪ್ರಯೋಜನಕ್ಕೆ ಬಾರದು. ಗಡಸು ಬೋರ್‌ವೆಲ್ ನೀರನ್ನು ತುಂಬಿಸಿದ ಕೊಳಗಳಲ್ಲಿ ಅಂಚಿನ ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುವುದೂ ಪಿ.ಹೆಚ್. ಏರಿರುವುದರ ಸೂಚನೆಯಾಗಿರಬಹುದು. ಕಣ್ಣು ಉರಿಸುವ ತೀಕ್ಷ್ಣ ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ಭಾವಿಸಲಾಗುತ್ತದೆ. ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಬೆರೆತು ಉಂಟಾಗುವ ಸಂಯುಕ್ತಗಳಿಂದ ಈ ವಾಸನೆ ಬರುವುದು. ಹಲವು ವೇಳೆ ಇದರ ಅರ್ಥ ಕ್ಲೋರಿನ್ ಸಾಲದಾಗಿದೆ ಎಂದೇ.

48,000 ಲೀಟರ್ ಕೊಳದಲ್ಲಿ ಕ್ಲೋರಿನ್ ಮಟ್ಟವನ್ನು ಲೀಟರಿಗೆ 1 ಮಿಲಿಗ್ರಾಂ ಹೆಚ್ಚಿಸಲು ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ ಸುಮಾರು 145 ಗ್ರಾಂ ಬೇಕಾಗುತ್ತದೆ. ಬಿಸಿಲಿನಲ್ಲಿ ಕ್ಲೋರಿನ್ ಬೇಗನೆ ನಾಶವಾಗುವುದರಿಂದ ಸಂಜೆಯ ವೇಳೆ ಹಾಕುವುದು ಉತ್ತಮ. ಬಕೆಟ್ಟಿನ ನೀರಿಗೆ ಪುಡಿಯನ್ನು ಹಾಕಿ ಕಲಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಗಸಿ ತಳದಲ್ಲಿ ನಿಂತ ಮೇಲೆ ತಿಳಿಯನ್ನು ಮಾತ್ರ ಕೊಳಕ್ಕೆ ಹಾಕತಕ್ಕದ್ದು. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಂದಿಗಾಗಲಿ, ಬೇರೆ ಬಗೆಯ ಕ್ಲೋರಿನ್ ಮಾತ್ರೆಗಳೊಂದಿಗಾಗಲಿ ಬೆರೆಸುವುದು, ಒಂದೇ ಡಬ್ಬದಲ್ಲಿ ಇಡುವುದು ಪ್ರಾಣಾಪಾಯಕಾರಿ. ಆಮ್ಲ ಸೇರಿದೊಡನೆ ವಿಷಾನಿಲ ಹೊರಬರುತ್ತದೆ. ಮಾತ್ರೆಗಳೊಂದಿಗೆ ಬೆರೆತರೆ ಬೆಂಕಿ ಹೊತ್ತಿಕೊಳ್ಳುವುದು, ಸ್ಫೋಟವಾಗುವುದೂ ಉಂಟು.

ಬಳಕೆಯಿಲ್ಲದ ತಿಂಗಳುಗಳಲ್ಲಿ

ಕೊಳವನ್ನು ಮುಚ್ಚುವ ಮುನ್ನ ಎಲೆ, ಕಸ ತೆಗೆದು, ಗೋಡೆಗಳನ್ನು ಉಜ್ಜಿ, ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿ, ಕ್ಲೋರಿನ್ ಹಾಗೂ ಪಿ.ಹೆಚ್. ಅನ್ನು ಸರಿಪಡಿಸಬೇಕು. ನಂತರ ಪಂಪನ್ನು ದಿನಕ್ಕೆ ಒಂದೆರಡು ಗಂಟೆ ನಡೆಸುತ್ತಾ, ವಾರಕ್ಕೊಮ್ಮೆ ನೀರನ್ನು ಪರೀಕ್ಷಿಸಿದರೆ ಸಾಕಾಗುತ್ತದೆ. ಜೋರು ಮಳೆಯಾದ ಮರುದಿನ ತಪ್ಪದೆ ಪರೀಕ್ಷಿಸಬೇಕು.

ಹೊದಿಕೆ ಹಾಕುವುದರಿಂದ ಕಸವೂ ಆವಿಯಾಗುವಿಕೆಯೂ ಕಡಿಮೆಯಾಗುತ್ತವೆ. ದಿನಕ್ಕೆ 5 ಮಿ.ಮೀ. ನೀರು ಆವಿಯಾದರೆ ಮೇಲೆ ಹೇಳಿದ ಕೊಳದಿಂದ ತಿಂಗಳಿಗೆ 4,800 ಲೀಟರ್ ನಷ್ಟವಾಗುತ್ತದೆ. ಆದರೆ ಹೊದಿಕೆಯ ಮೇಲೆ ನಿಲ್ಲುವ ಮಳೆನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು 7ರಿಂದ 10 ದಿನ ಸಾಕು. ಹೊದಿಕೆಯ ಮಡಿಕೆ, ಮೂಲೆಯಲ್ಲಿಟ್ಟ ಬಕೆಟ್ಟು ಇವುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲತಕ್ಕದ್ದು. ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆ ಮಾಲೀಕರಿಗೆ ದಂಡ ವಿಧಿಸಲು ರಾಜ್ಯ ಸರ್ಕಾರವು 2024ರಲ್ಲಿ ಅವಕಾಶ ಕಲ್ಪಿಸಿತು.

ಮೆದುವಾದ ಹೊದಿಕೆಯು ಮಗುವಿನ ಭಾರವನ್ನು ತಡೆಯಲಾರದು. ಮಗು ಅದರಡಿಗೆ ಜಾರಿದರೆ ಮೇಲಿನಿಂದ ಕಾಣುವುದೂ ಇಲ್ಲ. ಬೇಸಿಗೆಯಲ್ಲಿ ಕೊಳದ ಬಳಿ ಯಾರಾದರೊಬ್ಬರು ಇರುತ್ತಾರೆ. ಮುಚ್ಚಿದ ಕೊಳದತ್ತ ಯಾರ ಗಮನವೂ ಇರುವುದಿಲ್ಲ. ಆದ ಕಾರಣ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ ಹಾಗೂ ತಾನಾಗಿಯೇ ಮುಚ್ಚಿಕೊಳ್ಳುವ ಗೇಟು ವರ್ಷದ ಎಲ್ಲಾ ದಿನಗಳಲ್ಲಿಯೂ ಸುಸ್ಥಿತಿಯಲ್ಲಿರಬೇಕು. ಖಾಲಿ ಕೊಳವೂ ಈ ಮಾತಿಗೆ ಹೊರತಲ್ಲ. ಒಂದು ಮಳೆಗೆ ಅದರಲ್ಲಿ ಮಗು ಮುಳುಗುವಷ್ಟು ನೀರು ನಿಲ್ಲಬಹುದು.

ಮತ್ತೆ ಬಳಸುವ ಮುನ್ನ

ಮುಚ್ಚಿದ್ದ ಅವಧಿಯಲ್ಲಿ ಇಲಿಗಳು ತಂತಿಗಳನ್ನು ಕಡಿದಿರಬಹುದು. ಪಂಪು ಹಾಗೂ ನೀರಿನೊಳಗಿನ ದೀಪಗಳ ವೈರಿಂಗ್, ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. ಸ್ವಿಚ್ಚನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿದ ನಂತರವೇ ಯಾರನ್ನಾದರೂ ನೀರಿಗಿಳಿಸಬೇಕು.

ನೀರಿನ ಮಟ್ಟ ಇಳಿಯುತ್ತಿದ್ದರೆ ಸೋರಿಕೆಯನ್ನು ಮನೆಯಲ್ಲಿಯೇ ಪತ್ತೆ ಹಚ್ಚಬಹುದು. ಬಕೆಟ್ಟಿಗೆ ಕೊಳದ ನೀರು ತುಂಬಿ ಕೊಳದ ಮೆಟ್ಟಿಲಿನ ಮೇಲಿಟ್ಟು, ಎರಡರ ಮಟ್ಟವನ್ನೂ ಗುರುತು ಹಾಕಿ, ಮಳೆಯಿಲ್ಲದ ಒಂದು ದಿನ ಪಂಪು ನಡೆಸದೆ ಬಿಡಬೇಕು. ಬಕೆಟ್ಟಿಗಿಂತ ಕೊಳದ ಮಟ್ಟ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆಯೆಂದು ತಿಳಿಯತಕ್ಕದ್ದು.

ಕಡಿಮೆಯಾದ ನೀರನ್ನು ಮಳೆನೀರಿನಿಂದ ತುಂಬಿಸಿಕೊಳ್ಳಬಹುದು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಐದನೇ ಒಂದು ಭಾಗ ನಷ್ಟವಾದರೂ 100 ಚದರ ಮೀಟರ್ ಛಾವಣಿಯಿಂದ ವರ್ಷಕ್ಕೆ 77,000 ಲೀಟರಿಗೂ ಹೆಚ್ಚು ನೀರು ದೊರೆಯುತ್ತದೆ. ಮೊದಲ ಮಳೆಯ ನೀರನ್ನು ಬಿಟ್ಟು, ಶೋಧಿಸಿ ಬಳಸಬೇಕು. ಮಳೆನೀರು ಸಂಗ್ರಹಣೆಯ ಮಾದರಿಗಳನ್ನು ಬೆಂಗಳೂರಿನ ಜಯನಗರ 5ನೇ ಬ್ಲಾಕ್‌ನಲ್ಲಿರುವ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸುಗ್ಗಿ ಕೇಂದ್ರದಲ್ಲಿ ನೋಡಬಹುದಾಗಿದೆ.