ಬಣ್ಣಕ್ಕೆ ಪ್ರಮಾಣ: ಮಾನಿಟರಿನ ವರ್ಣಮಾಪಕವೂ ಅದರ ಪ್ರಯೋಜನವೂ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲೂಕುಗಳು ಬಣ್ಣದ ವಿಷಯದಲ್ಲಿ ಬಡವಾದ ಸೀಮೆಗಳಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜಾತ್ರೆಯ ದಿನಗಳಂದು ಹಾರುವ ಭಂಡಾರದ ಹಳದಿ, ಮಲಪ್ರಭೆಯ ಎರಡು ದಂಡೆಗಳ ಎರೆಹೊಲಗಳ ಕಪ್ಪು, ಕಿತ್ತೂರ ಕೋಟೆಯ ಪಾಳುಗೋಡೆಗಳ ಮಾಸಿದ ಮಣ್ಣುಬಣ್ಣ, ರಾಮದುರ್ಗದ ಕಡೆಯ ಮಗ್ಗಗಳಿಂದ ಇಳಿಯುವ ಸೀರೆಗಳ ಕೆಂಪು ಹಸಿರುಗಳು, ಇವೆಲ್ಲವೂ ಛಾಯಾಚಿತ್ರಗಾರನ ಕಣ್ಣನ್ನು ಸೆಳೆಯತಕ್ಕವೇ. ಆದರೆ ಇಲ್ಲಿ ಬಣ್ಣವು ಕೇವಲ ಅಲಂಕಾರವಲ್ಲ. ಅದಕ್ಕೆ ಅರ್ಥವೂ ಉಂಟು, ಬೆಲೆಯೂ ಉಂಟು. ಭಂಡಾರದ ಹಳದಿಯು ಚಿತ್ರದಲ್ಲಿ ಹಸಿರು ಬೆರೆತ ಹಳದಿಯಾಗಿ ಕಂಡರೆ ಭಕ್ತನ ಮನಸ್ಸಿಗೆ ಅದು ಭಂಡಾರವೆನಿಸದು. ದಾಳಿಂಬದ ಕೆಂಪೆಂದು ಚಿತ್ರವನ್ನು ನೋಡಿ ತರಿಸಿಕೊಂಡ ಸೀರೆಯು ಕೈಗೆ ಬಂದಾಗ ಇಟ್ಟಂಗಿಯ ಕೆಂಪಾಗಿದ್ದರೆ, ಅದು ಮರಳಿ ನೇಕಾರನ ಮನೆಗೇ ಬರುವುದು.

ಹಿಂದೆ ಬಟ್ಟೆಯನ್ನು ಕೊಳ್ಳುವವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಸೆರಗನ್ನು ಬಿಡಿಸಿ ನೋಡಿ ಕೊಳ್ಳುತ್ತಿದ್ದರು. ಈಗ ವ್ಯಾಪಾರದ ಒಂದು ಭಾಗವು ಚಿತ್ರಗಳ ಮೂಲಕವೇ ನಡೆಯುತ್ತಿರುವುದರಿಂದ, ನೇಯ್ದವನಿಗೂ ಕೊಳ್ಳುವವನಿಗೂ ನಡುವೆ ಛಾಯಾಚಿತ್ರಗಾರನ ಮಾನಿಟರು ಬಂದು ನಿಂತಿದೆ. ಆ ಮಾನಿಟರು ಸ್ವಭಾವತಃ ತುಸು ನೀಲಿಯ ಕಡೆಗೆ ವಾಲಿದುದೆಂದು ಭಾವಿಸೋಣ. ಚಿತ್ರದಲ್ಲಿ ನೀಲಿಯು ಹೆಚ್ಚಾಗಿದೆಯೆಂದು ತಿಳಿದು ಚಿತ್ರಗಾರನು ಹಳದಿಯನ್ನು ಕೂಡಿಸುತ್ತಾನೆ. ಅವನ ಪರದೆಯ ಮೇಲೆ ಸೀರೆಯು ಈಗ ಸೊಗಸಾಗಿಯೇ ಕಾಣುತ್ತದೆ. ಆದರೆ ಚಿತ್ರದ ಕಡತದೊಳಗಣ ಅಂಕಿಗಳು ಕೆಟ್ಟುಹೋಗಿರುತ್ತವೆ. ದೋಷವಿದ್ದುದು ಮಾನಿಟರಿನಲ್ಲಿ, ತಿದ್ದಿದುದು ಚಿತ್ರವನ್ನು. ಅದು ಮುದ್ರಣಾಲಯಕ್ಕೆ ಹೋಗಲಿ, ಪರಊರಿನ ಗಿರಾಕಿಯ ಮೊಬೈಲಿಗೆ ಹೋಗಲಿ, ಈ ಹಳದಿಯು ಅದರೊಡನೆಯೇ ಪ್ರಯಾಣ ಮಾಡುವುದು. ತಪ್ಪು ಕಾಣದ ಒಬ್ಬನೇ ಮನುಷ್ಯನೆಂದರೆ ಅದನ್ನು ಮಾಡಿದವನು.

ಇದನ್ನು ಕಣ್ಣಿನಿಂದಲೇ ಏಕೆ ಕಂಡುಹಿಡಿಯಬಾರದು ಎಂಬ ಪ್ರಶ್ನೆಯು ಸಹಜವಾದುದು. ಕಣ್ಣು ಬಣ್ಣಗಳನ್ನು ಹೋಲಿಸುವುದರಲ್ಲಿ ಬಹು ಚತುರ. ಅಳೆಯುವುದರಲ್ಲಿ ಮಾತ್ರ ನಂಬತಕ್ಕದ್ದಲ್ಲ. ಎಣ್ಣೆಯ ದೀಪದ ಕೆಳಗೂ ನಡುಹಗಲ ಬಿಸಿಲಿನಲ್ಲಿಯೂ ಕಾಗದವು ಬೆಳ್ಳಗೆಯೇ ಕಾಣುತ್ತದೆ. ಆದರೆ ದೀಪದ ಬೆಳಕು ಬಿಸಿಲಿಗಿಂತ ಎಷ್ಟೋ ಕೆಂಪಾದುದು. ಕಣ್ಣು ತನ್ನ ಸುತ್ತಣ ಬೆಳಕಿಗೆ ಹೊಂದಿಕೊಂಡು ಅದನ್ನೇ ಬಿಳುಪೆಂದು ಒಪ್ಪಿಕೊಳ್ಳುವುದೇ ಇದಕ್ಕೆ ಕಾರಣ. ನೀಲಿಯ ಮಾನಿಟರಿನ ಮುಂದೆ ಅರ್ಧ ಗಂಟೆ ಕುಳಿತವನಿಗೆ ಆ ನೀಲಿಯೇ ಬಿಳುಪಾಗುವುದು ಹೀಗೆ. ಬೈಲಹೊಂಗಲದ ಹತ್ತಿಯ ವ್ಯಾಪಾರದಲ್ಲಿ ಕೈಯಂದಾಜನ್ನು ಯಾರೂ ತೂಕವೆಂದು ಒಪ್ಪುವುದಿಲ್ಲ. ಸರಕಾರದ ಮುದ್ರೆಯುಳ್ಳ ತಕ್ಕಡಿಯೇ ಅಲ್ಲಿ ಪ್ರಮಾಣ. ಬಣ್ಣಕ್ಕೂ ಅಂಥದೊಂದು ಪ್ರಮಾಣವು ಬೇಕು.

ಆ ಪ್ರಮಾಣವು ಈಗಾಗಲೇ ಉಂಟು. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದ ವರ್ಣಚಿತ್ರವನ್ನು ತೋರಬಹುದೆಂಬುದನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ೧೮೬೧ರಲ್ಲಿ ಲಂಡನ್ನಿನಲ್ಲಿ ಪ್ರಯೋಗಮುಖದಿಂದ ತೋರಿಸಿದನು. ಆ ಪ್ರಯೋಗಕ್ಕೆ ಆರಿಸಿಕೊಂಡ ವಸ್ತುವು ಬಣ್ಣದ ಪಟ್ಟೆಗಳುಳ್ಳ ಬಟ್ಟೆಯ ಒಂದು ರಿಬ್ಬನ್ನು ಎಂಬುದು ನೇಕಾರರ ಸೀಮೆಯವರಿಗೆ ಸ್ವಾರಸ್ಯವೆನಿಸಬಹುದು. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬವರು ಬೇರೆಬೇರೆಯಾಗಿ, ಒಟ್ಟು ಹದಿನೇಳು ಜನರ ಕಣ್ಣುಗಳನ್ನು ಪರೀಕ್ಷಿಸಿ ಪಡೆದ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು, ಅಂತಾರಾಷ್ಟ್ರೀಯ ಪ್ರಕಾಶ ಆಯೋಗವು ೧೯೩೧ರಲ್ಲಿ 'ಪ್ರಮಾಣ ವೀಕ್ಷಕ'ನನ್ನು ಗೊತ್ತುಪಡಿಸಿತು. ಅಂದಿನಿಂದ ಯಾವ ಬಣ್ಣವನ್ನಾದರೂ ಮೂರು ಅಂಕಿಗಳಲ್ಲಿ ಹೇಳುವುದು ಸಾಧ್ಯವಾಯಿತು.

ಈ ಅಂಕಿಗಳು ಈ ನಾಡಿಗೆ ಅಪರಿಚಿತವಲ್ಲ. ಕಿತ್ತೂರಿಗೆ ನೆರೆಯದಾದ ಧಾರವಾಡ ತಾಲೂಕಿನ ಗರಗವು ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಧ್ವಜಕ್ಕಾಗಿ ೧೯೫೧ರಲ್ಲಿ ಹೊರಟ ಭಾರತೀಯ ಮಾನಕದ ಕ್ರಮಸಂಖ್ಯೆಯೇ ೧. ಕೇಸರಿಯು ಎಂಥ ಕೇಸರಿ, ಹಸಿರು ಎಂಥ ಹಸಿರು ಎಂಬುದನ್ನು ಆ ಮಾನಕವು ಬರಿಯ ಮಾತಿನಲ್ಲಿ ಹೇಳದೆ ೧೯೩೧ರ ಪದ್ಧತಿಯ ಅಂಕಿಗಳಲ್ಲಿ ಕಟ್ಟಿಕೊಡುತ್ತದೆ. ಧ್ವಜದ ಬಟ್ಟೆಗೆ ಒಪ್ಪಿದ ಈ ನಿಯಮವು ಸೀರೆಯ ಚಿತ್ರಕ್ಕೂ ಒಪ್ಪತಕ್ಕದ್ದೇ.

ಮಾನಿಟರಿನ ವರ್ಣಮಾಪಕವೆಂದರೆ ಆ ಪ್ರಮಾಣ ವೀಕ್ಷಕನ ಕಣ್ಣನ್ನು ಅನುಕರಿಸುವ, ಅಂಗೈಯಲ್ಲಿ ಹಿಡಿಸುವ ಒಂದು ಸಣ್ಣ ಯಂತ್ರವು. ಸ್ಪೈಡರ್, ಕ್ಯಾಲಿಬ್ರೈಟ್ ಮೊದಲಾದ ಹೆಸರುಗಳಿಂದ ಇವು ದೊರೆಯುತ್ತವೆ. ಇದನ್ನು ಪರದೆಯ ಮುಖಕ್ಕೆ ತಾಗುವಂತೆ ತೂಗುಬಿಟ್ಟು ತಂತಿಯಿಂದ ಗಣಕಯಂತ್ರಕ್ಕೆ ಸೇರಿಸುತ್ತಾರೆ. ಗಣಕದ ತಂತ್ರಾಂಶವು ಗೊತ್ತಾದ ಅಂಕಿಗಳ ಬಣ್ಣದ ತುಂಡುಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುತ್ತದೆ; ಯಂತ್ರವು ನಿಜವಾಗಿ ಹೊರಟ ಬೆಳಕನ್ನು ಅಳೆಯುತ್ತದೆ. ಕೇಳಿದ ಬಣ್ಣಕ್ಕೂ ಕೊಟ್ಟ ಬಣ್ಣಕ್ಕೂ ಇರುವ ಅಂತರವೇ ಮಾನಿಟರಿನ ದೋಷ. ತಂತ್ರಾಂಶವು ಮೊದಲು ಬಿಳುಪನ್ನೂ ಹೊಳಪನ್ನೂ ನೆಲೆಗೆ ತಂದು, ಬಳಿಕ ಆ ಪರದೆಯ ಗುಣದೋಷಗಳನ್ನೆಲ್ಲ ಬರೆದಿಟ್ಟ ಒಂದು ಕಡತವನ್ನು ಸಿದ್ಧಪಡಿಸುತ್ತದೆ. ಇದಕ್ಕೆ ಪ್ರೊಫೈಲು ಎಂದು ಹೆಸರು. ಇದರ ರೂಪವನ್ನು ಎಲ್ಲ ಯಂತ್ರಗಳಿಗೂ ಸಮಾನವಾಗಿ ಗೊತ್ತುಪಡಿಸಲು ಎಂಟು ಸಂಸ್ಥೆಗಳು ಕೂಡಿ ೧೯೯೩ರಲ್ಲಿ ಅಂತಾರಾಷ್ಟ್ರೀಯ ವರ್ಣ ಒಕ್ಕೂಟವನ್ನು ಸ್ಥಾಪಿಸಿದುವು.

ಉಪಯೋಗದ ಕ್ರಮವು ಕಠಿನವಲ್ಲ. ಮಾನಿಟರು ಅರ್ಧ ಗಂಟೆ ಉರಿದು ಸ್ಥಿರವಾದ ಮೇಲೆಯೇ ಅಳತೆಗೆ ತೊಡಗಬೇಕು. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳಬಾರದು; ಹಸಿರು ಅಥವಾ ನೀಲಿ ಬಳಿದ ಗೋಡೆಯ ಎದುರಿಗೆ ಕುಳಿತು ಬಣ್ಣವನ್ನು ತೀರ್ಮಾನಿಸುವುದೂ ಸಲ್ಲದು. ಪರದೆಯ ಬಿಳುಪಿಗೆ ೬೫೦೦ ಕೆಲ್ವಿನ್, ಗಾಮಾ ೨.೨, ಹೊಳಪಿಗೆ ಪ್ರತಿ ಚದರ ಮೀಟರಿಗೆ ೮೦ರಿಂದ ೧೨೦ ಕ್ಯಾಂಡೆಲಾ ಎಂಬುವು ಸಾಮಾನ್ಯವಾದ ಗುರಿಗಳು. ಹೊಸ ಮಾನಿಟರುಗಳು ಅಂಗಡಿಯಲ್ಲಿ ಕಣ್ಣು ಕುಕ್ಕಬೇಕೆಂದು ಇದಕ್ಕಿಂತ ಬಹಳ ಪ್ರಖರವಾಗಿ ಬರುವುದುಂಟು. ಅವುಗಳ ಮುಂದೆ ತಿದ್ದಿದ ಚಿತ್ರವು ಕಾಗದದ ಮೇಲೆ ಕಪ್ಪಿಟ್ಟು ಬರುವುದಕ್ಕೆ ಇದೇ ಮುಖ್ಯ ಕಾರಣ. ಮಾನಿಟರಿನ ಗುಣವು ಕಾಲಕ್ರಮದಲ್ಲಿ ಬದಲಾಗುವುದರಿಂದ ತಿಂಗಳಿಗೊಮ್ಮೆ ಅಳತೆಯನ್ನು ಮರಳಿ ಮಾಡುವುದು ಲೇಸು. ಕೆಲವು ನಿಮಿಷಗಳ ಈ ಕೆಲಸಕ್ಕಾಗಿ ಪ್ರತಿಯೊಂದು ಸ್ಟುಡಿಯೋ ಬೇರೆಬೇರೆ ಯಂತ್ರವನ್ನು ಕೊಳ್ಳಬೇಕೆಂದಿಲ್ಲ. ಡಿಸ್‌ಪ್ಲೇಕ್ಯಾಲ್ ಎಂಬ ಬೆಲೆಯಿಲ್ಲದ ತಂತ್ರಾಂಶವೂ ಇರುವುದರಿಂದ, ಒಂದು ಊರಿನ ನಾಲ್ಕಾರು ಮಂದಿ ಕೂಡಿ ಒಂದೇ ಯಂತ್ರವನ್ನು ಇಟ್ಟುಕೊಂಡರೂ ಸಾಕು.

ಆದರೆ ಯಂತ್ರದಿಂದ ಆಗದುದನ್ನು ಯಂತ್ರದಿಂದ ಅಪೇಕ್ಷಿಸಬಾರದು. ವರ್ಣಮಾಪಕವು ಮಾನಿಟರನ್ನು ಸರಿಪಡಿಸುವುದೇ ಹೊರತು ಕ್ಯಾಮರಾವನ್ನಲ್ಲ. ಸೀರೆಯ ಮಗ್ಗುಲಲ್ಲಿ ಇಪ್ಪತ್ತನಾಲ್ಕು ಬಣ್ಣಗಳ ಪ್ರಮಾಣಫಲಕವನ್ನೋ, ಕೊನೆಗೆ ಬೂದುಬಣ್ಣದ ಒಂದು ಹಲಗೆಯನ್ನೋ ಇಟ್ಟು, ಒಂದೇ ಬಗೆಯ ಬೆಳಕಿನಲ್ಲಿ ಚಿತ್ರ ತೆಗೆದರೆ ಮಾತ್ರ ಆರಂಭವು ಸರಿಯಾಗುವುದು. ಎರಡನೆಯದಾಗಿ, ಸಾಮಾನ್ಯ ಮಾನಿಟರುಗಳು ಅನುಸರಿಸುವ ಎಸ್‌ಆರ್‌ಜಿಬಿ ಎಂಬ ವರ್ಣಕ್ಷೇತ್ರವು ೧೯೩೧ರ ನಕ್ಷೆಯಲ್ಲಿ ಕಣ್ಣಿಗೆ ಗೋಚರವಾಗುವ ಬಣ್ಣಗಳ ಮೂರನೆಯ ಒಂದು ಭಾಗವನ್ನಷ್ಟೇ ಒಳಗೊಳ್ಳುತ್ತದೆ. ನವಿಲಿನ ಕೊರಳಿನಂಥ ಗಾಢವಾದ ಹಸಿರು-ನೀಲಿಗಳು ಅದರ ಆಚೆಗೆ ಉಳಿಯಬಹುದು. ಮೂರನೆಯದಾಗಿ, ಹಾಸಿಗೊಂದು ಹೊಕ್ಕಿಗೊಂದು ಬಣ್ಣದ ನೂಲಿಟ್ಟು ನೇಯ್ದ ಬಟ್ಟೆಯು ತಿರುಗಿಸಿದಂತೆಲ್ಲ ಬಣ್ಣವನ್ನು ಬದಲಿಸುವುದರಿಂದ ಯಾವ ಒಂದು ಚಿತ್ರವೂ ಅದನ್ನು ಪೂರ್ತಿಯಾಗಿ ಹೇಳಲಾರದು. ಗಿರಾಕಿಯ ಮೊಬೈಲಿನ ಪರದೆಯಂತೂ ಚಿತ್ರಗಾರನ ಅಧೀನದಲ್ಲಿಯೇ ಇಲ್ಲ.

ಹಾಗಾದರೆ ಇಷ್ಟೆಲ್ಲ ಶ್ರಮವು ವ್ಯರ್ಥವೆ? ಅಲ್ಲ. ಮೂಲವು ಸರಿಯಾಗಿದ್ದರೆ ಒಂದು ಮೊಬೈಲಿನಲ್ಲಿ ಬಣ್ಣವು ತುಸು ಕೆಂಪಿಗೆ, ಇನ್ನೊಂದರಲ್ಲಿ ತುಸು ನೀಲಿಗೆ ವಾಲಬಹುದು. ಆದರೆ ಎಲ್ಲವೂ ನಿಜದ ಸುತ್ತಲೇ ಇರುವುವು. ಮೂಲವೇ ತಪ್ಪಿದ್ದರೆ ನಿರ್ದೋಷವಾದ ಪರದೆಯೂ ತಪ್ಪನ್ನೇ ತೋರುವುದು. ಕೆಟ್ಟ ಪರದೆಯು ಆ ತಪ್ಪಿಗೆ ತನ್ನದೊಂದನ್ನು ಕೂಡಿಸುವುದು.

ವ್ಯಾಪಾರವನ್ನು ಬದಿಗಿಟ್ಟು ನೋಡಿದರೂ ಇದರ ಮಹತ್ವವು ಕಡಮೆಯಾಗುವುದಿಲ್ಲ. ಕಿತ್ತೂರಿನ ವಸ್ತುಸಂಗ್ರಹಾಲಯದಲ್ಲಿಟ್ಟ ಹಳೆಯ ವಸ್ತುಗಳಾಗಲಿ, ಮನೆಗಳ ಪೆಟ್ಟಿಗೆಗಳಲ್ಲಿರುವ ಅಜ್ಜಿಯರ ಸೀರೆಗಳಾಗಲಿ, ಬೆಳಕು ಗಾಳಿಗಳಿಗೆ ಸಿಕ್ಕಿ ದಿನೇ ದಿನೇ ಮಾಸುತ್ತಿರುತ್ತವೆ. ನೂಲು ಜೀರ್ಣವಾದ ಮೇಲೆ ಆ ಬಣ್ಣಕ್ಕೆ ಸಾಕ್ಷಿಯಾಗಿ ಉಳಿಯುವುದು ಚಿತ್ರವೊಂದೇ. ಮುಂದೆ ಒಬ್ಬ ನೇಕಾರನು ಅಂಥ ಸೀರೆಯನ್ನು ಮರಳಿ ನೇಯಬೇಕೆಂದು ನೂಲಿಗೆ ಬಣ್ಣ ಕಟ್ಟಲು ಕುಳಿತಾಗ, ಅವನು ಆ ಚಿತ್ರವನ್ನೇ ನಂಬಬೇಕಾಗುವುದು. ಅಳತೆಯಿಲ್ಲದೆ ತಿದ್ದಿದ ಚಿತ್ರವು ಅವನಿಗೆ ಕೊಡುವುದು ಆ ಸೀರೆಯ ಬಣ್ಣವನ್ನಲ್ಲ, ಯಾವುದೋ ಮಾನಿಟರಿನ ದೋಷವನ್ನು. ಅಳತೆಯೊಡನೆ ತೆಗೆದು, ಪ್ರಮಾಣಫಲಕವನ್ನೂ ಒಳಗೊಂಡಿಟ್ಟ ಚಿತ್ರವಾದರೋ, ಬಟ್ಟೆಯು ಮಣ್ಣುಗೂಡಿದ ಬಳಿಕವೂ ಅದರ ದಾಳಿಂಬದ ಕೆಂಪನ್ನು ಅಂಕಿಗಳಲ್ಲಿ ಕಾಪಾಡಿಕೊಂಡಿರುತ್ತದೆ.